ಇಳಿಸದ ಕತ್ತಿ

ಕಲ್ಲಗುಡಿಯ ಪುರವಂತರ ಮನೆಯಲ್ಲಿ ಕತ್ತಿಗೆ ಒಂದು ನಿಯಮವಿತ್ತು. ವೀರಭದ್ರನ ಒಡಪನ್ನು, ಅಂದರೆ ಅವನ ಕಥೆಯ ನುಡಿಗಳನ್ನು, ಕೂಗಿ ಹೇಳುವಾಗ ಕತ್ತಿ ಏರಿಸುವವನು ಪುರವಂತ, ಇಳಿಸುವುದು ಸಂಬಾಳ. ಸಂಬಾಳವೆಂದರೆ ಸೊಂಟಕ್ಕೆ ಕಟ್ಟಿ ಕೋಲಿನಿಂದ ಬಾರಿಸುವ ಜೋಡಿ ಚರ್ಮವಾದ್ಯ. ಒಡಪಿನ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ದಕ್ಷ ಶಿವನನ್ನು ಕರೆಯದೆ ಯಜ್ಞ ಮಾಡುತ್ತಾನೆ. ಮಗಳು ದಾಕ್ಷಾಯಣಿ ಅವಮಾನ ತಾಳದೆ ಬೆಂಕಿಗೆ ಬೀಳುತ್ತಾಳೆ. ಶಿವನ ಜಡೆಯಿಂದ ಎದ್ದ ವೀರಭದ್ರ ದಕ್ಷನ ತಲೆ ಕಡಿಯುತ್ತಾನೆ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಶಿವನ ಮನಸ್ಸು ಕರಗಿ, ಮುಂಡಕ್ಕೆ ಟಗರಿನ ತಲೆ ಜೋಡಿಸಿ, ದಕ್ಷನನ್ನು ಎಬ್ಬಿಸಬೇಕು. ತಲೆ ಬೀಳುವ ಮಾತಿಗೆ ಸಂಬಾಳ ಬಿರುಸಾಗುತ್ತದೆ. ಟಗರಿನ ತಲೆಯ ಮಾತಿಗೆ ಅದೇ ಕೋಲು ನಿಧಾನವಾಗಿ, ಬಿಡಿಬಿಡಿಯಾಗಿ ಬೀಳುತ್ತದೆ. ಅದಕ್ಕೆ ಇಳಿಪೆಟ್ಟು ಎನ್ನುತ್ತಿದ್ದರು. ಅದು ಕೇಳಿಸಿದ ಮೇಲೆ ಪುರವಂತ ಕತ್ತಿಯ ಮೊನೆಯನ್ನು ನೆಲಕ್ಕೆ ತಾಗಿಸಬೇಕು. ಏರಿದ ಕತ್ತಿ ಹಾಗೇ ಉಳಿದರೆ ಏರಿದ ಸಿಟ್ಟೂ ಊರಿನಲ್ಲೇ ಉಳಿಯುತ್ತದೆ ಎಂಬುದು ಆ ಮನೆತನದ ನಂಬಿಕೆ.

ಪುರವಂತರ ಶಿವಲಿಂಗಪ್ಪ ತನ್ನ ಬದುಕಿನಲ್ಲಿ ಒಂದೇ ಒಂದು ಸಲ ಇಳಿಪೆಟ್ಟು ಕೇಳಿಯೂ ಕತ್ತಿ ಇಳಿಸಲಿಲ್ಲ. ಉಳಿದ ಬದುಕೆಲ್ಲ ಅದನ್ನು ಇಳಿಸುವ ದಾರಿ ಹುಡುಕುವುದರಲ್ಲಿ ಕಳೆಯಿತು.

ಕಲ್ಲಗುಡಿ ಇರುವುದು ಶಿರಸಿ ತಾಲ್ಲೂಕಿನ ಮೂಡಣ ಅಂಚಿನಲ್ಲಿ, ಬನವಾಸಿಯ ಕಡೆ. ಅಡಿಕೆ ಕಡಿಮೆ, ಬತ್ತದ ಗದ್ದೆ ಹೆಚ್ಚು. ಶಿವಲಿಂಗಪ್ಪನಿಗೂ ಒಂದು ಕೆಳಗದ್ದೆ ಇತ್ತು. ಬೇಸಾಯ ಅವನ ಕೆಲಸ, ಪುರವಂತಿಕೆ ಅವನ ಹಕ್ಕು. ಮದುವೆ, ಗೃಹಪ್ರವೇಶಗಳಲ್ಲಿ ವೀರಭದ್ರನ ಗುಗ್ಗಳ, ಅಂದರೆ ಬೆಂಕಿಯ ಕೊಡದ ಮೆರವಣಿಗೆ, ತೆಗೆಯುವವರು ಅವನನ್ನು ಕರೆಯುತ್ತಿದ್ದರು. ಕಾವಿ ಉಟ್ಟು, ಎದೆಗೆ ವೀರಭದ್ರನ ಮುಖವಿರುವ ಹಿತ್ತಾಳೆಯ ಫಲಕ ಕಟ್ಟಿ, ಕಾಲಿಗೆ ಗೆಜ್ಜೆ ಹಾಕಿ ನಿಂತರೆ ಕುಳ್ಳಗಿನ ಆ ಮನುಷ್ಯ ಎತ್ತರವಾಗಿ ಕಾಣುತ್ತಿದ್ದ. ದನಿ ಮೂರು ಗದ್ದೆಯ ಆಚೆಗೆ ಕೇಳಿಸುತ್ತಿತ್ತು. ಗುಗ್ಗಳ ಮುಗಿದು ವೇಷ ಕಳಚಿದ ಮೇಲೆ ಮಾತ್ರ ಅವನನ್ನು ಯಾರೂ ಗುರುತಿಸುತ್ತಿರಲಿಲ್ಲ. ಊಟಕ್ಕೆ ಕೊನೆಯ ಪಂಕ್ತಿ, ಅದೂ ಬಡಿಸುವವರಿಗೆ ನೆನಪಾದರೆ. ಇದೊಂದು ಮಾತು ಅವನಿಗೆ ಒಳಗೇ ಚುಚ್ಚುತ್ತಿತ್ತು.

ಸಂಬಾಳ ಬಾರಿಸುವ ಹಕ್ಕು ಕೆರೆಯಾಚೆಯ ಕೇರಿಯ ಕೆರಿಯಪ್ಪನ ಮನೆಯದು. ಇಬ್ಬರ ಅಪ್ಪಂದಿರೂ ಹೀಗೇ ಜೋಡಿಯಾಗಿ ತಿರುಗಿದವರು. ಕೆರಿಯಪ್ಪ ಕೆರೆಯ ಏರಿಯ ಮೇಲಿನ ದುರ್ಗಮ್ಮನ ಪೂಜಾರಿಯೂ ಹೌದು. ವರ್ಷಕ್ಕೊಮ್ಮೆ, ಗದ್ದೆಗೆ ನೇಗಿಲು ಇಳಿಯುವ ಮೊದಲು, ಆ ಕೇರಿಯವರು ದುರ್ಗಮ್ಮನಿಗೆ ಟಗರು ಒಪ್ಪಿಸುತ್ತಿದ್ದರು. ಶಿವಲಿಂಗಪ್ಪನ ಮನೆಯವರು ಮಾಂಸ ತಿನ್ನುವವರಲ್ಲ. ಆ ದಿನ ಅವನು ಏರಿಯ ಈಚೆಗೇ ನಿಂತು, ತೆಂಗಿನಕಾಯಿ ಕಳಿಸಿ, ಕೈಮುಗಿದು ಬರುತ್ತಿದ್ದ. ಇದನ್ನು ಹಿಡಿದು ಒಬ್ಬರನ್ನೊಬ್ಬರು ಕಾಡುವುದು ಅವರಿಗೆ ಹಳೆಯ ಆಟ. ಒಂದು ಗುಗ್ಗಳ ಮುಗಿಸಿ ಬರುವಾಗ ಶಿವಲಿಂಗಪ್ಪ, ನಿಮ್ಮವ್ವನಿಗೆ ಬರೀ ಕುಂಬಳಕಾಯಿ ಸಾಲದೇನೋ ಎಂದು ಕೆಣಕಿದ್ದ.

"ನಿಮ್ಮ ಈಶ್ವರಗೂ ಕಡೀಗೆ ಟಗರ್ನ ತಲೆನೇ ಬೇಕಾತಲ್ಲ ಲಿಂಗಣ್ಣ" ಎಂದಿದ್ದ ಕೆರಿಯಪ್ಪ. "ದಕ್ಷನ ಮುಂಡಕ್ಕೆ ಕುಂಬಳಕಾಯಿ ಇಡ್ಲಿಲ್ಲ ಎಂತಕ್ಕೆ?"

ಶಿವಲಿಂಗಪ್ಪ ದಾರಿಯುದ್ದಕ್ಕೂ ನಕ್ಕಿದ್ದ. ಮನೆಗೆ ಬಂದು ಹೆಂಡತಿ ಕಲ್ಲವ್ವನಿಗೂ ಹೇಳಿದ್ದ.

೧೯೫೬ರ ನವೆಂಬರಿನಲ್ಲಿ ಜಿಲ್ಲೆ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಶಿರಸಿ ಪೇಟೆಯಲ್ಲಿ ಮೆರವಣಿಗೆ ನಡೆಯಿತು, ಸಕ್ಕರೆ ಹಂಚಿದರು. ಹಳ್ಳಿಯ ಜನರಿಗೆ ಮಾತ್ರ ಯಾವ ಅರ್ಜಿಯನ್ನು ಇನ್ನು ಎಲ್ಲಿಗೆ ಕೊಡಬೇಕು ಎಂಬುದು ಬಹುದಿನ ತಿಳಿಯಲಿಲ್ಲ. ಆ ಸಂದಿಯಲ್ಲೇ ವೀರನಾಥ ಒಡೆಯರು ಕಾಣಿಸಿಕೊಂಡರು. ಯಾವ ಮಠದ ಪಟ್ಟವೂ ಅವರಿಗಿರಲಿಲ್ಲ. ಹಿಂದೆ ಯಲ್ಲಾಪುರದ ಕಾಡಿನಲ್ಲಿ ಮರ ಕಡಿಸುವ ಕೂಪಿನ ಗುಮಾಸ್ತನಾಗಿದ್ದರು ಎಂದು ಕೆಲವರು ಹೇಳುತ್ತಿದ್ದರು. ಹಿಮಾಲಯದಿಂದ ಬಂದವರು ಎಂದು ಹೇಳುವವರು ಅದಕ್ಕಿಂತ ಹೆಚ್ಚು. ಸಿದ್ದಾಪುರದ ಗಡಿಯಲ್ಲಿ ಒಂದು ಹಾಳು ಮಣ್ಣಿನ ಕೋಟೆ ಇತ್ತು. ಅದರೊಳಗಿನ ಮುರುಕು ಗುಡಿಯಲ್ಲಿ ಅವರು ಬೂದಿ ಬಳಿದುಕೊಂಡು ಕುಳಿತರು. ಬಂದವರಿಗೆಲ್ಲ ಹೇಳಿದ್ದು ಒಂದೇ ಮಾತು: ಮುಂಬೈ ಹೋಯಿತು, ಮೈಸೂರು ಇನ್ನೂ ಬಂದಿಲ್ಲ, ನಡುವೆ ಇರುವುದು ವೀರಭದ್ರನ ರಾಜ್ಯ.

ಮೊದಲ ವರ್ಷ ಅವರನ್ನು ದೂರುವವರು ಇರಲಿಲ್ಲ ಎಂಬುದನ್ನು ಹೇಳಲೇಬೇಕು. ಅವರ ಹುಡುಗರು ಕಾಡಿನ ಕಳ್ಳಭಟ್ಟಿಗಳನ್ನು ಒಡೆದರು. ಕದ್ದುಹೋದ ಎತ್ತುಗಳನ್ನು ಹುಡುಕಿ ತಂದು ಹಟ್ಟಿಗೆ ಕಟ್ಟಿದರು. ಗದ್ದೆಯ ಬದುವಿನ ಜಗಳಗಳು ಕೋಟೆಯ ಕಟ್ಟೆಯ ಮೇಲೆ ಒಂದೇ ದಿನದಲ್ಲಿ ತೀರಿದವು. ಕೈಯಲ್ಲಿ ಕಬ್ಬಿಣದ ಬಳೆ ಹಾಕಿದ ಬಿದಿರಿನ ದೊಣ್ಣೆ, ಹಣೆಯಲ್ಲಿ ದಪ್ಪ ವಿಭೂತಿ. ಆ ಪಡೆಗೆ ವೀರಗಣ ಎಂಬ ಹೆಸರು ಬಂತು. ಎರಡನೆಯ ವರ್ಷ ಒಡೆಯರು ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂದು ಮೂರು ಸೀಮೆ ಮಾಡಿ ಮೂವರು ನಾಯಕರನ್ನು ನೇಮಿಸಿದರು. ಗಾಡಿದಾರಿಗಳಿಗೆ ತಡೆಯಾಗಿ ಬಿದಿರಿನ ಅಡ್ಡಗಳ ಬಿತ್ತು. ಗಣಕ್ಕೆ ಸೇರಿದ ಮನೆಯ ಬಾಗಿಲಿಗೆ ವಿಭೂತಿಯ ಮೂರು ಪಟ್ಟೆ. ಪಟ್ಟೆ ಇಲ್ಲದ ಮನೆಗೆ ಅಗಸ, ಕ್ಷೌರಿಕ ಹೋಗುವಂತಿಲ್ಲ. ಜನ ಕೋಟೆಯನ್ನು ಸಂಸ್ಥಾನ ಎಂದು ಕರೆಯತೊಡಗಿದರು. ಕೆಲವರು ಪ್ರೀತಿಯಿಂದ, ಬಹಳ ಜನ ಹೆದರಿಕೆಯಿಂದ.

ಅಂಥ ಸಂಸ್ಥಾನಕ್ಕೆ ಒಂದು ಗುರುತು ಬೇಕಿತ್ತು. ಒಡೆಯರು ಶಿವಲಿಂಗಪ್ಪನನ್ನು ಕರೆಸಿದರು. ಹೊಸದಾಗಿ ಗಣಕ್ಕೆ ಸೇರುವವರೆಲ್ಲ ಅವನ ಕತ್ತಿ ಮುಟ್ಟಿ ಆಣೆ ಮಾಡಬೇಕು, ಅವನು ಒಡಪು ಹೇಳಬೇಕು ಎಂದು ಗೊತ್ತುಮಾಡಿದರು. ಖಡ್ಗನಾಯಕ ಎಂಬ ಬಿರುದೂ ಸಿಕ್ಕಿತು. ಕೋಟೆಯಲ್ಲಿ ಅವನು ಕಾಲಿಟ್ಟರೆ ಯುವಕರು ಎದ್ದು ನಿಲ್ಲುತ್ತಿದ್ದರು. ಊಟಕ್ಕೆ ಮೊದಲ ಪಂಕ್ತಿ, ಒಡೆಯರ ಎಡಗಡೆಯ ಎಲೆ.

ಕಲ್ಲವ್ವ ಮಾತು ಕಡಿಮೆಯ ಹೆಂಗಸು. ಬಿರುದಿನ ಸುದ್ದಿ ಕೇಳಿದ ದಿನ ಬತ್ತ ಕೇರುತ್ತಿದ್ದವಳು ಮೊರ ನಿಲ್ಲಿಸಲಿಲ್ಲ.

"ಕಡೀ ಪಂಕ್ತ್ಯಾಗ ಕುಂಡ್ರಸ್ತಾರ ಅಂತ ನಿಮಗ ಬ್ಯಾಸರಿತ್ತು. ಈಗ ಮೊದಲ್ನೇದು ಸಿಕ್ಕೈತಿ. ಎಲಿಗೆ ಏನ್ ಬಡಸ್ತಾರ, ಅದನ್ನ ನೋಡಿ ಉಣ್ರಿ."

ಅವನಿಗೆ ಆ ಮಾತು ಹಿಡಿಸಲಿಲ್ಲ. ಕೋಟೆಗೆ ಹೋಗುವುದು ಹೆಚ್ಚಾಯಿತು. ಸಂಬಾಳಕ್ಕೆ ಕೆರಿಯಪ್ಪನೂ ಮೊದಮೊದಲು ಜೊತೆಗೆ ಹೋದ. ದುರ್ಗಮ್ಮನ ಪೂಜೆ ಬಿಟ್ಟು ಬಾಗಿಲಿಗೆ ಪಟ್ಟೆ ಹಾಕಿಸಿಕೊ ಎಂದು ಗಣದವರು ಕೇಳಿದ ಮೇಲೆ ಹೋಗುವುದನ್ನು ಬಿಟ್ಟ. ಸಿಟ್ಟು ಮಾಡಿಕೊಂಡು ಬಿಡಲಿಲ್ಲ. ಗದ್ದೆ ಕೆಲಸ ಐತೆ ಎಂದ. ಆಮೇಲೆ ಕೋಟೆಯಲ್ಲಿ ಸಂಬಾಳವಿಲ್ಲದೆಯೇ ಒಡಪು ನಡೆಯಿತು. ಇಳಿಪೆಟ್ಟಿನ ಜಾಗದಲ್ಲಿ ಶಿವಲಿಂಗಪ್ಪ ತಾನೇ ಕಾಲಿನ ಗೆಜ್ಜೆ ನಿಧಾನ ಮಾಡಿ ಕತ್ತಿ ಇಳಿಸುತ್ತಿದ್ದ.

ತಪ್ಪು ನಡೆದದ್ದು ಊಟದ ಹೊತ್ತಿನಲ್ಲಿ. ೧೯೫೯ರ ಬೇಸಗೆಯ ಮೊದಲ ದಿನಗಳು. ಒಡೆಯರ ಪಕ್ಕದ ಎಲೆಯಲ್ಲಿ ಕುಳಿತಿದ್ದ ಶಿವಲಿಂಗಪ್ಪ, ಪಂಕ್ತಿಯನ್ನು ನಗಿಸಬೇಕೆಂದು, ಕೆರಿಯಪ್ಪನ ಹಳೆಯ ತಮಾಷೆಯನ್ನು ಹೇಳಿದ. ದಕ್ಷನ ಮುಂಡ, ಟಗರಿನ ತಲೆ, ಕುಂಬಳಕಾಯಿ. ಕಲ್ಲಗುಡಿಯಲ್ಲಿ ಇದಕ್ಕೆ ನಗದವರು ಇರಲಿಲ್ಲ. ಇಲ್ಲಿ ಯಾರೂ ನಗಲಿಲ್ಲ. ಅನ್ನ ಬಡಿಸುತ್ತಿದ್ದವನ ಕೈ ನಿಂತಿತು. ಇದನ್ನು ಹೇಳಿದವನು ಯಾರು ಎಂದು ಒಡೆಯರು ಮೆಲ್ಲಗೆ ಕೇಳಿದರು. ಶಿವಲಿಂಗಪ್ಪ ಹೆಸರು ಹೇಳಿದ. ಗೆಳೆಯನ ಹೆಸರು ಅಷ್ಟು ದೊಡ್ಡವರ ಬಾಯಲ್ಲಿ ಬರುವುದು ಒಳ್ಳೆಯದಕ್ಕೇ ಎಂದು ಅವನು ಎಣಿಸಿದ್ದ. ಹಾಸ್ಯವನ್ನು ಹಂಚಿಕೊಳ್ಳುವ ಮೊದಲು ನಗುವವರು ಇದ್ದಾರೋ ಇಲ್ಲವೋ ನೋಡಿಕೊಳ್ಳಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಅವನು ಬೆಳೆದ ಊರಿನಲ್ಲಿ ಅದರ ಅಗತ್ಯ ಬಿದ್ದಿರಲಿಲ್ಲ.

ಮರುದಿನವೇ ಅಪ್ಪಣೆಯಾಯಿತು. ಒಡಪು ಇನ್ನು ಮುಂದೆ ದಕ್ಷನ ತಲೆ ಬೀಳುವಲ್ಲಿಗೆ ಮುಗಿಯಬೇಕು. ಟಗರಿನ ತಲೆಯ ಮಾತು ಸೋತವರು ಸೇರಿಸಿದ್ದು, ಅದು ಬೇಡ. ಶಿವಲಿಂಗಪ್ಪ ತಡವರಿಸುತ್ತ, ಹಾಗಾದರೆ ಕತ್ತಿ ಇಳಿಸುವುದು ಯಾವಾಗ ಎಂದು ಕೇಳಿದ.

"ಇಳಿಸಾಕ ಅಂತ ಏರಸ್ತೀರೇನ್ರಿ?" ಎಂದರು ಒಡೆಯರು. ಸುತ್ತಲಿನ ಯುವಕರು ಈಗ ನಕ್ಕರು.

ದುರ್ಗಮ್ಮನ ಟಗರಿನ ದಿನ ವೀರಗಣ ಕಲ್ಲಗುಡಿಗೆ ಬಂತು. ಮೂರೂ ಸೀಮೆಯ ದೊಣ್ಣೆಗಳು ಬಂದಿದ್ದವು. ಬೆಳಗಿನ ಬಿಸಿಲು ಕೆರೆಯ ನೀರಿನ ಮೇಲೆ ಇತ್ತು. ಆಚೆಯ ಕೇರಿಯವರು ಟಗರಿಗೆ ಅರಿಸಿನ ನೀರು ಹಾಕಿ, ಕೊರಳಿಗೆ ಹೂ ಕಟ್ಟಿ ನಿಲ್ಲಿಸಿದ್ದರು. ಗಣದವರು ಅವರಿಗೂ ಗುಡಿಗೂ ನಡುವೆ ಸಾಲುಕಟ್ಟಿದರು. ಒಡೆಯರು ಒಡಪು ಹೇಳಿಸಿದರು.

ಶಿವಲಿಂಗಪ್ಪ ವೇಷದಲ್ಲಿದ್ದ. ಈ ಸಲ ಅವನು ನಿಂತದ್ದು ಏರಿಯ ಈಚೆಗಲ್ಲ, ಏರಿಯ ನೆತ್ತಿಯ ಮೇಲೆ. ಒಂದೊಂದು ನುಡಿಗೂ ನೂರಾರು ಕೊರಳು ಆಹಾ ರುದ್ರಾ ಎಂದವು. ಅಂಥ ಒಡಪನ್ನು ತಾನು ಮತ್ತೆಂದೂ ಹೇಳಿದ್ದಿಲ್ಲ ಎಂದು ಅವನೇ ಮುಂದೆ ಹೆಂಡತಿಗೆ ಹೇಳಿದ್ದಾನೆ, ಹೆಮ್ಮೆಯಿಂದ ಹೇಳಿದ್ದಲ್ಲ. ದಕ್ಷನ ತಲೆ ಬಿತ್ತು. ಕತ್ತಿ ಮೇಲೆ ನಿಂತಿತು. ದೊಣ್ಣೆಗಳೂ ಮೇಲೆದ್ದವು.

ಆಗ ಸಂಬಾಳ ಕೇಳಿಸಿತು. ಕೆರಿಯಪ್ಪ ಜನರ ನಡುವಿನಿಂದ ಮುಂದೆ ಬಂದಿದ್ದ. ಸೊಂಟದಲ್ಲಿ ಸಂಬಾಳ, ಕಣ್ಣು ಶಿವಲಿಂಗಪ್ಪನ ಮೇಲೆ. ಬಾರಿಸುತ್ತಿದ್ದದ್ದು ಇಳಿಪೆಟ್ಟು. ನಿಧಾನವಾಗಿ, ಬಿಡಿಬಿಡಿಯಾಗಿ, ಇಬ್ಬರ ಅಪ್ಪಂದಿರೂ ಕಲಿಸಿದ್ದ ಹಾಗೆ. ಕಲ್ಲಗುಡಿಯಲ್ಲಿ ಹುಟ್ಟಿದ ಎಲ್ಲರಿಗೂ ಆ ಪೆಟ್ಟಿನ ಅರ್ಥ ಗೊತ್ತಿತ್ತು. ಕೆಲವು ದೊಣ್ಣೆಗಳು ತಾವಾಗಿಯೇ ಕೆಳಗಾದವು.

"ಇಳಿಸು ಲಿಂಗಣ್ಣ" ಎಂದ ಕೆರಿಯಪ್ಪ. "ಆತು. ಸಾಕು."

ಶಿವಲಿಂಗಪ್ಪನ ಮೊಣಕೈ ಸಡಿಲಾದದ್ದನ್ನು ನೋಡಿದವರಿದ್ದಾರೆ. ಅವನು ಒಡೆಯರ ಕಡೆ ತಿರುಗಿದ. ಒಡೆಯರು ಅವನನ್ನೇ ನೋಡುತ್ತಿದ್ದರು. ಕೋಟೆಯ ಊಟಕ್ಕೆ ಮೊದಲ ಪಂಕ್ತಿಯಲ್ಲಿ ಕೂರುವವರೆಲ್ಲ ಅವನನ್ನು ನೋಡುತ್ತಿದ್ದರು. ಮೊಣಕೈ ಮತ್ತೆ ನೆಟ್ಟಗಾಯಿತು.

ಆಮೇಲಿನದು ಬೇಗ ನಡೆಯಿತು. ಟಗರು ಹಗ್ಗ ಕಿತ್ತುಕೊಂಡು ಕೆರೆಗೆ ಬಿತ್ತು. ಸಂಬಾಳದ ಚರ್ಮ ಹರಿಯಿತು. ಕೆರಿಯಪ್ಪನ ಬಲಗೈಯನ್ನು ಏರಿಯ ಕಲ್ಲಿನ ಮೇಲೆ ಇಟ್ಟು ಹೊಡೆದರು. ಹೊಡೆದವರು ದೂರದವರಲ್ಲ, ಅದೇ ಊರಿನ, ಬಾಗಿಲಿಗೆ ಪಟ್ಟೆ ಇದ್ದ ಮನೆಗಳವರು. ಕೆರಿಯಪ್ಪನ ಹೆಂಡತಿ ದುರ್ಗಿ ಗಂಡನ ಮೇಲೆ ಬಿದ್ದು ಅಡ್ಡವಾದಾಗ ನಿಲ್ಲಿಸಿದರು. ಅಷ್ಟೂ ಹೊತ್ತು ಶಿವಲಿಂಗಪ್ಪ ಕತ್ತಿ ಎತ್ತಿ ಹಿಡಿದುಕೊಂಡೇ ಇದ್ದ. ಮನೆಗೆ ಬಂದ ಮೇಲೂ ಅದನ್ನು ಮೊನೆ ಮೇಲಾಗಿಯೇ ಗೋಡೆಗೆ ಒರಗಿಸಿಟ್ಟ. ಒಡಪು ಮುಗಿಯದೆ ಮೊನೆ ಕೆಳಗೆ ಮಾಡುವ ಹಾಗಿರಲಿಲ್ಲ.

ಕೆರಿಯಪ್ಪನ ಕೈ ಮುರಿದಾಗ ಏಳದ ಸರಕಾರ ಲಾರಿಗಳು ನಿಂತಾಗ ಎದ್ದಿತು. ಮರುವರ್ಷ ಯಲ್ಲಾಪುರದ ಸೀಮೆಯವರು ಮರದ ನಾಟಾ ಸಾಗಿಸುವ ಲಾರಿಗಳಿಗೆ ಅಡ್ಡಗಳ ಹಾಕಿದರು. ಪೊಲೀಸರ ಎರಡು ವ್ಯಾನು ಕೋಟೆಗೆ ಬಂದವು. ಮೂರು ತಾಲ್ಲೂಕಿಗೆ ಹಬ್ಬಿದ್ದ ಸಂಸ್ಥಾನ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯಿತು. ವೀರಗಣದವರು ಹಳ್ಳದಲ್ಲಿ ಮುಖ ತೊಳೆದುಕೊಂಡು ಮನೆಗೆ ಹೋದರು. ಬಾಗಿಲ ಪಟ್ಟೆಗಳ ಮೇಲೆ ಸಗಣಿ ಸಾರಿಸಿದರು. ಕಬ್ಬಿಣದ ಬಳೆಯ ದೊಣ್ಣೆಗಳು ಆ ಮಳೆಗಾಲ ಹೀರೆಬಳ್ಳಿಗೆ ಆಸರೆಯಾಗಿ ಹಿತ್ತಲಿನಲ್ಲಿ ನಿಂತವು. ಒಡೆಯರು ಗಡ್ಡ ಬೋಳಿಸಿ ಎಲ್ಲಿಗೋ ಹೋಗಿ, ತಿಂಗಳುಗಳ ಮೇಲೆ ಸಿಕ್ಕಿದರು.

ದೊಣ್ಣೆ ಯಾರದೆಂದು ಹೇಳಲು ಬರುವುದಿಲ್ಲ; ಕತ್ತಿ ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಪೊಲೀಸರು ಅದನ್ನು ಶಿವಲಿಂಗಪ್ಪನ ಮನೆಯಿಂದ ಒಯ್ದು ಸಾಕ್ಷಿಯ ಮುದ್ದೆಮಾಲು ಮಾಡಿದರು. ಕೋರ್ಟಿನಲ್ಲಿ ಕೆರಿಯಪ್ಪನನ್ನು, ನಿನ್ನ ಕೈ ಮುರಿದವರು ಯಾರು ಎಂದು ಕೇಳಿದರು. ಅವನು ಆ ಊರಿನಲ್ಲೇ ಬದುಕಬೇಕಿತ್ತು, ಆ ಮನೆಗಳ ಗದ್ದೆಗೇ ಕೂಲಿಗೆ ಹೋಗಬೇಕಿತ್ತು.

"ಮುಖ ಕಾಣ್ಲಿಲ್ಲ ಸಾಹೇಬ್ರೇ" ಎಂದ. "ಕಂಡಿದ್ದು ಕತ್ತಿ ಒಂದೇಯ."

ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಒಡೆಯರ ಮೇಲೆ ಸಾಕ್ಷಿ ಹೇಳುವವರು ಯಾರೂ ಬರದೆ ಅವರು ಬಿಡುಗಡೆಯಾದರು. ಶಿವಲಿಂಗಪ್ಪನಿಗೆ ಶಿಕ್ಷೆಯಾಯಿತು.

ಅವನು ಜೈಲಿನಿಂದ ಮರಳಿದ್ದು ೧೯೬೨ರ ಮಳೆಗಾಲ ಕಳೆದ ಮೇಲೆ. ಗದ್ದೆಯನ್ನು ಕಲ್ಲವ್ವ ಬೀಳು ಬಿಟ್ಟಿರಲಿಲ್ಲ. ಅವಳು ಕಾಲಿಗೆ ನೀರು ಕೊಟ್ಟಳು, ಅನ್ನ ಬಡಿಸಿದಳು, ಯಾವ ಪಂಕ್ತಿಯ ಮಾತನ್ನೂ ಎತ್ತಲಿಲ್ಲ. ಊರಿನವರು ಅವನನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ಆಣೆ ಮಾಡಿದವರೇ ಹೆಚ್ಚು ಬದಲಿಸುತ್ತಿದ್ದರು. ಅವನ ಮುಖ ನೋಡಿದರೆ ತಮ್ಮ ಕೈ ನೆನಪಾಗುತ್ತಿತ್ತೇನೋ. ಗುಗ್ಗಳಕ್ಕೆ ಬೇರೆ ಊರಿನ ಪುರವಂತರು ಬರತೊಡಗಿದರು. ಅದಕ್ಕೆ ಅವನು ಬೇಸರಪಡಲಿಲ್ಲ. ಅವನಿಗೆ ಬೇಕಿದ್ದದ್ದು ಒಂದೇ: ಆ ದಿನದ ಒಡಪನ್ನು, ನಿಂತ ಜಾಗದಿಂದ, ಟಗರಿನ ತಲೆಯ ಮಾತಿನಿಂದ ಮುಂದಕ್ಕೆ ಹೇಳಿ, ಕೆರಿಯಪ್ಪನ ಎದುರಿಗೆ ಕತ್ತಿ ಇಳಿಸಬೇಕು. ಅದಕ್ಕೆ ಮೊದಲು ಕತ್ತಿ ಬೇಕು. ಶಿರಸಿಗೆ ನಡೆದುಹೋಗಿ, ವಕೀಲರ ಜಗುಲಿಯ ಮೇಲೆ ಕುಳಿತು, ಅರ್ಜಿ ಬರೆಸಿ, ಕೊನೆಗೆ ೧೯೬೪ರ ಬೇಸಗೆಯಲ್ಲಿ ಒಂದು ದಿನ ಅದನ್ನು ಗೋಣಿಯಲ್ಲಿ ಸುತ್ತಿ ತಂದ. ಹಿಡಿಕೆಗೆ ಕೋರ್ಟಿನ ಚೀಟಿ, ಅರಗಿನ ಮುದ್ರೆ. ಅಲಗಿಗೆ ತುಕ್ಕು ಹಿಡಿದಿತ್ತು. ನಿಂಬೆಹಣ್ಣು, ಬೂದಿ ಹಾಕಿ ತಿಕ್ಕಿದ. ಮೊನೆ ಮೇಲಾಗಿ ಹಳೆಯ ಜಾಗದಲ್ಲೇ ನಿಲ್ಲಿಸಿದ.

ಆ ವರ್ಷ ದುರ್ಗಮ್ಮನ ಟಗರಿನ ದಿನ ಹಿಂದೆಂದಿಗಿಂತ ಜೋರಾಯಿತು. ಹತ್ತಿರದ ಕಾಡಿನಲ್ಲಿ ಹೊಸ ಕೂಪು ಬಿದ್ದಿತ್ತು. ಕೇರಿಯ ಗಂಡಸರೆಲ್ಲ ಅಲ್ಲಿ ಮರ ಕಡಿಯಲು ಹೋಗುತ್ತಿದ್ದರು. ಟಗರನ್ನು ಕೂಪಿನ ಕಂತ್ರಾಟುದಾರ ಕೊಡಿಸಿದ್ದ. ಅವನೇ ಜೀಪಿನಲ್ಲಿ ಬಂದ. ಬಿಳಿಯ ಟೊಪ್ಪಿಗೆ, ಬೂದಿ ಗಡ್ಡ ಎರಡೂ ಹೋದ ನುಣ್ಣಗಿನ ಮುಖ. ಅವನು ಯಾರೆಂದು ಎಲ್ಲರಿಗೂ ತಿಳಿಯಿತು, ಯಾರೂ ಹೇಳಲಿಲ್ಲ. ಕೇರಿಯ ಹಿರಿಯರು ಹಾರ ಹಾಕಿದರು. ಏರಿಯ ಈಚೆಗೆ ತೆಂಗಿನಕಾಯಿ ಹಿಡಿದು ನಿಂತಿದ್ದ ಶಿವಲಿಂಗಪ್ಪನನ್ನು ಅವನು ದೂರದಿಂದಲೇ ಗುರುತಿಸಿ, ಆರಾಮ ಅದೀರೇನ್ರಿ ಪುರವಂತ್ರೇ ಎಂದು ನಗುತ್ತ ಕೇಳಿ, ಉತ್ತರಕ್ಕೆ ಕಾಯದೆ ಜೀಪು ಹತ್ತಿದ.

ಜನ ಚದುರಿದ ಮೇಲೆ ಶಿವಲಿಂಗಪ್ಪ ಮನೆಗೆ ಹೋಗಿ, ಕತ್ತಿಯನ್ನು ಮೊನೆ ಮೇಲಾಗಿ ಎದೆಗೆ ಒತ್ತಿ ಹಿಡಿದು ತಂದ. ವೇಷವಿರಲಿಲ್ಲ, ಗೆಜ್ಜೆ ಇರಲಿಲ್ಲ. ಕೆರಿಯಪ್ಪ ಗುಡಿಯ ಮುಂದೆ ಕುಳಿತು ಎಡಗೈಯಿಂದ ಬಿದ್ದ ಹೂವು ಒಟ್ಟುಮಾಡುತ್ತಿದ್ದ. ಬಲಗೈ ಮಡಿಲಲ್ಲಿ ಇತ್ತು. ಮಣಿಕಟ್ಟು ಕೂಡಿಕೊಂಡಿದ್ದರೂ ಬಾಗುತ್ತಿರಲಿಲ್ಲ.

ಶಿವಲಿಂಗಪ್ಪ ಬಂದ ಕೆಲಸ ಹೇಳಿದ. ಎಡಗೈಯಲ್ಲಾದರೂ ಆದೀತು, ಸಂಬಾಳ ಇಲ್ಲದಿದ್ದರೆ ಗುಡಿಯ ಕಟ್ಟೆಯ ಮೇಲೆ ಬಾರಿಸಿದರೂ ಆದೀತು ಎಂದ. ಆ ಸಿಟ್ಟು ಊರಿನಲ್ಲೇ ಉಳಿದಿದೆ, ತಾನು ಸಾಯುವುದರೊಳಗೆ ಅದನ್ನು ಇಳಿಸಬೇಕು ಎಂದ.

"ಕೆರಿಯಾ, ಇಳಿಪೆಟ್ಟು ಒಂದು ಸಲ ಬಾರ್ಸಪಾ" ಎಂದ. "ನಾ ಮತ್ತೇನೂ ಕೇಳಾಂಗಿಲ್ಲ."

ಕೆರಿಯಪ್ಪ ಹೂವು ಒಟ್ಟುಮಾಡುವುದನ್ನು ನಿಲ್ಲಿಸಿ ಅವನನ್ನು ನೋಡಿದ. ಸಿಟ್ಟಿನ ನೋಟವಾಗಿದ್ದರೆ ಶಿವಲಿಂಗಪ್ಪ ತಾಳಿಕೊಳ್ಳುತ್ತಿದ್ದ.

"ಬಾರ್ಸಿದ್ನಲ್ಲ ಪುರವಂತ್ರೇ. ಇದೇ ಜಾಗದಾಗೆ. ನೀವು ಕೇಳ್ದ್ರಿ." ಮತ್ತೆ ಹೂವಿನ ಕಡೆ ತಿರುಗಿ ಹೇಳಿದ: "ಅದು ಎರಡು ಸಲ ಬಾರ್ಸೋ ಪೆಟ್ಟಲ್ಲ."

ಹುಟ್ಟಿದಾಗಿನಿಂದ ಲಿಂಗಣ್ಣ ಎಂದವನು ಪುರವಂತ್ರೇ ಎಂದಿದ್ದ, ನೀವು ಎಂದಿದ್ದ. ಶಿವಲಿಂಗಪ್ಪ ಇನ್ನೊಮ್ಮೆ ಕೇಳಲಿಲ್ಲ. ಕತ್ತಿ ಎತ್ತಿಕೊಂಡೇ ಏರಿ ಇಳಿದು ಮನೆಗೆ ಹೋದ.

ಆಮೇಲೆ ಅವನು ಮೂರು ಬೆಳೆ ಕಂಡ. ಗದ್ದೆಯಲ್ಲಿ ಒಬ್ಬನೇ ಇರುವಾಗ ಒಡಪಿನ ಉಳಿದ ಭಾಗವನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದುದನ್ನು ಕಲ್ಲವ್ವ ಕೇಳಿದ್ದಾಳೆ. ದಕ್ಷ ಏಳುವವರೆಗೆ ಹೇಳಿ, ಅಲ್ಲಿ ಕಾದು, ಮತ್ತೆ ಮೊದಲಿನಿಂದ ಹೇಳುತ್ತಿದ್ದ. ೧೯೬೭ರ ಸುಗ್ಗಿಯ ಹೊತ್ತಿಗೆ ಜ್ವರ ಹಿಡಿದು ತೀರಿಕೊಂಡ. ಮಣ್ಣಿಗೆ ಬಂದವರು ಕಡಿಮೆ. ಕೆರಿಯಪ್ಪ ಬಂದ. ಎಡಗೈಯಲ್ಲಿ ಒಂದು ಹಿಡಿ ಮಣ್ಣು ಹಾಕಿ, ಎಲ್ಲರೊಡನೆ ಮನೆಯ ಅಂಗಳದವರೆಗೆ ಬಂದು, ಕಂಬದ ಪಕ್ಕ ನಿಂತುಕೊಂಡ.

ಒಳಗೆ ಕತ್ತಿ ಮೊನೆ ಮೇಲಾಗಿಯೇ ಇತ್ತು. ಅದನ್ನು ಏನು ಮಾಡಬೇಕೆಂದು ಕಲ್ಲವ್ವ ಕೆರಿಯಪ್ಪನನ್ನು ಕೇಳಿದಳು.

"ನಂಗ್ ಕೇಳ್ಬ್ಯಾಡ್ರಿ ಅಕ್ಕಾ" ಎಂದ.

ಕಲ್ಲವ್ವ ಒಳಗೆ ಹೋಗಿ, ಕತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ, ಮೊನೆಯನ್ನು ನೆಲಕ್ಕೆ ತಾಗಿಸಿ ಮೂಲೆಯಲ್ಲಿಟ್ಟಳು. ಕೋರ್ಟಿನ ಚೀಟಿ ಇನ್ನೂ ಹಿಡಿಕೆಯಲ್ಲಿ ಇತ್ತು. ಕೆರಿಯಪ್ಪ ಕಂಬ ಹಿಡಿದು ನೋಡುತ್ತಿದ್ದ. ಬೇಡ ಎನ್ನಲಿಲ್ಲ. ಕತ್ತಿ ನೆಲಕ್ಕೆ ತಾಗಿದ ಮೇಲೆ ಕೆರೆಯಾಚೆಗೆ ಹೊರಟುಹೋದ.